ಸುಗಂಧರಾಜಕ್ಕೆ ಬಂದ ಹುಳ

ಕಿಟಕಿಯ ಸೊಳ್ಳೆ ಜಾಲರಿಯ ಆಚೆ ಪರ್ರೆಂದು ಒಂದು ಸಣ್ಣ ಸದ್ದು. ನಿಂತಿತು. ಮತ್ತೆ ಬಂತು, ತೆಳುವಾದ ಕಾಗದವನ್ನು ಫ್ಯಾನಿನ ಮುಂದೆ ಹಿಡಿದಂತೆ.

ಊರು ಮಲಗಿ ಎಷ್ಟೋ ಹೊತ್ತಾಗಿತ್ತು. ರಾತ್ರಿ ಎಚ್ಚರವಾದರೆ ನನಗೆ ಮೊದಲು ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎನ್ನಿಸುತ್ತದೆ. ಆಮೇಲೆ ಹಿತ್ತಲ ಬಾಗಿಲ ಚಿಲಕ, ಆಮೇಲೆ ಮೋಟಾರ್. ಅವತ್ತು ಇದ್ಯಾವುದೂ ನೆನಪಾಗಲಿಲ್ಲ. ಸದ್ದು ಬರುತ್ತಿದ್ದದ್ದು ನನ್ನ ಹೂವಿನ ಪಾತಿಯ ಕಡೆಯಿಂದ. ಮೊಬೈಲಿನ ಬೆಳಕನ್ನು ಬೆರಳಿನಿಂದ ಅರ್ಧ ಮುಚ್ಚಿಕೊಂಡು ಕಿಟಕಿಗೆ ಹೋದೆ.

ಸುಗಂಧರಾಜದ ಹೂಗೊನೆಯೊಂದರ ಮುಂದೆ ಅದು ಗಾಳಿಯಲ್ಲೇ ನಿಂತಿತ್ತು. ಅಂಗೈ ಅಗಲದ ಬೂದು ಪತಂಗ. ರೆಕ್ಕೆ ಇವೆ ಎಂದು ಸದ್ದಿನಿಂದಲೇ ತಿಳಿಯಬೇಕು, ಅಷ್ಟು ವೇಗ. ಹೂವಿನ ಮೇಲೆ ಕೂರದೆ, ತನ್ನ ಮೈಯಷ್ಟೇ ಉದ್ದದ ಸೊಂಡಿಲನ್ನು ಹೂವಿನೊಳಕ್ಕೆ ಇಳಿಬಿಟ್ಟು ಕುಡಿಯುತ್ತಿತ್ತು. ಕಾಲೇಜಿನಲ್ಲಿ ಸೂಜಿ ಚುಚ್ಚಿ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದನ್ನು ನೋಡಿದ್ದೆ. ಜೀವಂತವಾಗಿ, ಅದೂ ನಾನು ನೆಟ್ಟ ಗಿಡಕ್ಕೆ ಬಂದದ್ದನ್ನು ನೋಡಿದ್ದು ಅದೇ ಮೊದಲು. ಯುಗಾದಿಯಿಂದ ಕಾದಿದ್ದೆ.

“ರೀ, ಏಳಿ ಬೇಗ! ಹುಳ ಬಂದಿದೆ! ಅಬ್ಬಾ, ಎಷ್ಟು ದೊಡ್ಡದು!”

ನನ್ನ ಗಂಡ ಹೇಮಂತ್ ಮಗ್ಗುಲು ಬದಲಿಸಿದರು, ಅಷ್ಟೆ. ಪಕ್ಕದ ಕೋಣೆಯಲ್ಲಿ ಮಂಚ ಕಿರುಗುಟ್ಟಿತು.

“ಅಯ್ಯೋ ಶಿವನೇ! ಏನ್ರೀ, ಏಳ್ರೀ! ಹುಳ ಬಂದೈತಂತ!” ಅತ್ತೆಯ ದನಿ.

ನಾನು ನಾಲಿಗೆ ಕಚ್ಚಿಕೊಂಡೆ. ಆದರೆ ಮಾತು ಹೊರಟುಹೋಗಿತ್ತು.

ಬದನೆಕಾಯಿ ಕೊರೆಯುವುದೂ ಹುಳ, ಜೇನೂ ಹುಳ, ದೀಪಕ್ಕೆ ಮುತ್ತುವುದೂ ಹುಳ. ಕತ್ತಲಾದ ಮೇಲೆ ಮಾತ್ರ ಈ ಮನೆಯಲ್ಲಿ ಹುಳ ಅಂದರೆ ಹಾವು. ರಾತ್ರಿ ಹೊತ್ತು ಅದರ ಹೆಸರು ಹಿಡಿದರೆ ಕರೆದ ಹಾಗಾಗುತ್ತದೆ ಎಂದು ಅತ್ತೆ ಹುಳ ಅನ್ನುತ್ತಾರೆ. ಸೊರಬದ ಕಡೆಯ ನನ್ನ ತವರಿನಲ್ಲಿ ಅಜ್ಜಿ ಇದೇ ಕಾರಣಕ್ಕೆ ‘ಹಗ್ಗ’ ಅನ್ನುತ್ತಿದ್ದರು. ಅಲ್ಲಿ ಸಂಜೆಯ ಮೇಲೆ ಬಾವಿಯ ಹಗ್ಗವನ್ನು ಕೂಡ ಯಾರೂ ಕೇಳುತ್ತಿರಲಿಲ್ಲ. ಆ ಎಚ್ಚರವನ್ನು ನಾನು ಇಲ್ಲಿಗೂ ತಂದಿದ್ದೆ. ಹುಳದ ವಿಷಯದಲ್ಲಿ ಎಚ್ಚರ ಇನ್ನೂ ಬಂದಿರಲಿಲ್ಲ.

ಅದೂ ಈ ಪಾತಿಯ ವಿಷಯದಲ್ಲಿ ಆ ಮಾತು ಬಾಯಿಗೆ ಬರಲೇಬಾರದಿತ್ತು.

ನಮ್ಮ ಮನೆ ಶಿಕಾರಿಪುರದ ಹೊರಗೆ, ಅಂಜನಾಪುರ ಜಲಾಶಯದ ನೀರು ಹರಿಯುವ ಕಾಲುವೆಯ ಪಕ್ಕ. ಮನೆಯ ಮಗ್ಗುಲಲ್ಲಿ, ರಸ್ತೆಗೂ ಕಾಣುವ ಹಾಗೆ, ನನ್ನ ಹೀರೆಕಾಯಿ ಚಪ್ಪರ. ಹಿಂದಿನ ವರ್ಷ ಬಳ್ಳಿ ತುಂಬಿತ್ತು, ಹೂವು ತುಂಬಿತ್ತು, ಆದರೆ ಮಿಡಿಗಳು ಹಳದಿಯಾಗಿ ಉದುರುತ್ತಿದ್ದವು. ಹೀರೆಯ ಹೂವು ಅರಳುವುದು ಸಂಜೆಗೆ. ಜೇನು ಆ ಹೊತ್ತಿಗೆ ಗೂಡು ಸೇರಿರುತ್ತದೆ. ಹಾಗಾಗಿ ನಾನೇ ದಿನಾ ಸಂಜೆ ಗಂಡು ಹೂವು ಕಿತ್ತು ಒಂದೊಂದು ಹೆಣ್ಣು ಹೂವಿಗೂ ಸವರಿ ಬರುತ್ತಿದ್ದೆ. “ನಮ್ಮ ಸೊಸಿ ಬಿಎಸ್ಸಿ ಓದಿದ್ದು ಹೂವಿಗೆ ಮದುವಿ ಮಾಡ್ಸಾಕ,” ಎಂದು ಅತ್ತೆ ಎದುರು ಮನೆಯ ಯಮುನಮ್ಮನಿಗೆ ಕೇಳುವ ಹಾಗೆ ಹೇಳುತ್ತಿದ್ದರು.

ಕತ್ತಲಲ್ಲಿ ಹಾರುವ ಪತಂಗವನ್ನು ಕರೆಯಬೇಕಾದರೆ ಕತ್ತಲಲ್ಲಿ ಘಮ್ಮೆನ್ನುವ ಹೂವು ಬೇಕು. ಯುಗಾದಿಗೆ ತವರಿಗೆ ಹೋದವಳು ಬರುವಾಗ ಸುಗಂಧರಾಜದ ಗಡ್ಡೆ, ಸಂಜೆಮಲ್ಲಿಗೆಯ ಗಡ್ಡೆ, ರಾತ್ರಿರಾಣಿಯ ಕಡ್ಡಿ ಎಲ್ಲ ತಂದೆ. ಒಮ್ಮೆ ನೆಲಕ್ಕೆ ಹೊಂದಿಕೊಂಡರೆ ವರ್ಷ ವರ್ಷ ತಾವೇ ಚಿಗುರುವಂಥವು. ಬಸ್ಸಿನಲ್ಲಿ ಗೋಣಿಚೀಲವನ್ನು ತೊಡೆಯ ಮೇಲಿಂದ ಇಳಿಸಲೇ ಇಲ್ಲ. “ಏನಕ್ಕಾ, ಬಂಗಾರನಾ?” ಎಂದು ಕಂಡಕ್ಟರ್ ಕೇಳಿದ್ದ.

ಅತ್ತೆ ಚೀಲ ಬಿಚ್ಚಿ ನೋಡಿ ಕೈ ತೊಳೆದುಕೊಂಡಿದ್ದರು.

“ವಾಸನಿ ಹೂವಿಗೆ ಅದು ಬರ್ತತಿ. ನನ್ನ ತವರಾಗ ಕೇದಗಿ ಮೆಳಿಯಾಗ ಕಣ್ಣಾರೆ ನೋಡೀನಿ.”

“ಹೂವಿನ ವಾಸನೆಗೆ ಬರಲ್ಲ ಅತ್ತೆ. ಕಪ್ಪೆಗೋ ಇಲಿಗೋ ಬಂದಿರತ್ತೆ.”

“ಯಾತಕ್ಕರ ಬರ್ಲಿ. ಬರ್ತತಿ ಅಂತ ಒಪ್ಪಿದಂಗಾತಲ್ಲ?”

ಅಂಥ ಕಡೆ ಅತ್ತೆ ಬಲು ಚುರುಕು. ಕೊನೆಗೆ ಒಪ್ಪಂದವಾಯಿತು. ಪಾತಿಯಲ್ಲಿ ಒಂದೇ ಒಂದು ಹಾವು ಕಂಡರೂ ನಾನೇ ನನ್ನ ಕೈಯಾರೆ ಎಲ್ಲವನ್ನೂ ಬುಡಸಮೇತ ಕಿತ್ತುಹಾಕಬೇಕು. ಆಗಲಿ ಎಂದೆ. ಆಮೇಲೆ ಅದೆಷ್ಟೋ ರಾತ್ರಿ, ಆಗಲಿ ಎನ್ನುವ ಬದಲು ನೋಡೋಣ ಎನ್ನಬಹುದಿತ್ತಲ್ಲ ಎಂದು ಯೋಚಿಸಿದ್ದೇನೆ.

ಅಂಥ ಒಪ್ಪಂದವಿರುವಾಗ ಈಗ ನಾನೇ ಹುಳ ಬಂತೆಂದು ಕೂಗಿದ್ದೆ.

ಪಕ್ಕದ ಕೋಣೆಗೆ ಹೋದರೆ ಮಾವ ರಾಜಪ್ಪ ಕೈಯಲ್ಲಿ ಕೋಲು ಹಿಡಿದು ಮಂಚದ ಮೇಲೆ ನಿಂತಿದ್ದರು. ಅತ್ತೆ ಅವರ ಹಿಂದೆ.

“ಎಷ್ಟುದ್ದ ಐತವ್ವಾ?” ಮಾವ ಕೇಳಿದರು.

“ಉದ್ದ ಅಲ್ಲ ಮಾವ, ಅಗಲ. ಇಷ್ಟು, ಅಂಗೈಯಷ್ಟು.”

“ಅಂಗೈ ಅಗಲ ಹೆಡಿ!” ಅತ್ತೆ ಎದೆ ಹಿಡಿದುಕೊಂಡರು.

“ಹೆಡೆ ಅಲ್ಲ ಅತ್ತೆ, ರೆಕ್ಕೆ. ಹಾರ್ತಾ ಇತ್ತು.”

“ಹಾರ್ತಿತ್ತಂತ! ಏನ್ರೀ, ಹಾರೋದಂತ್ರೀ!”

“ನನ್ನ ಆಯಸ್ಸಿನಾಗ ಹಾರೋದನ್ನ ಕಂಡಿಲ್ಲ,” ಎಂದರು ಮಾವ, ಭಯಕ್ಕಿಂತ ಬೇಸರವೇ ಹೆಚ್ಚಿದ್ದ ದನಿಯಲ್ಲಿ. “ಏನ್ ಮಾಡ್ತಿತ್ತು?”

“ಹೂವಿನ ರಸ ಕುಡೀತಿತ್ತು.”

ಮಾವ ಕೋಲು ಇಳಿಸಿ ನನ್ನನ್ನೇ ನೋಡಿದರು. “ಹುಡುಗಿಗೆ ಜ್ವರ ಗಿರ ಬಂದೈತೇನು ನೋಡೇ.”

ಅಷ್ಟರಲ್ಲಿ ಹೇಮಂತ್ ಎದ್ದಿದ್ದರು. ಅವರು ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟವರು. ಯಾವ ತೊಂದರೆಗೂ ಯಾರಿಗೆ ಫೋನ್ ಮಾಡಬೇಕೆಂದು ಅವರಿಗೆ ಗೊತ್ತು, ತೊಂದರೆ ಏನೆಂದು ಕೇಳುವುದು ಆಮೇಲೆ. ನಾನು ಅಡ್ಡ ಬರುವ ಮೊದಲೇ ಹಾವು ಹಿಡಿಯುವ ಮಹಾಂತೇಶನಿಗೆ ಫೋನ್ ಹೋಗಿತ್ತು. ಹಿಂದಿನ ಬೀದಿಯವನೇ. ಲುಂಗಿಯ ಮೇಲೆ ಸ್ವೆಟರ್ ಹಾಕಿಕೊಂಡು, ಕೊಕ್ಕೆ, ಚೀಲ ಹಿಡಿದು ಬಂದೇಬಿಟ್ಟ. ಎದುರು ಮನೆಯಲ್ಲಿ ದೀಪ ಹತ್ತಿತು. ಯಮುನಮ್ಮ ಕಿಟಕಿಯಿಂದಲೇ “ಯಾವ್ದು? ನಾಗರನಾ?” ಎಂದರು. ಅತ್ತೆ “ಹೆಸರು ಹಿಡೀಬ್ಯಾಡ್ರೀ!” ಎಂದು ಗದರಿದರು.

ಮಹಾಂತೇಶ ಪಾತಿಯ ಒಂದೊಂದು ಬುಡವನ್ನೂ ಕೊಕ್ಕೆಯಲ್ಲಿ ಸರಿಸಿ ನೋಡಿದ. ಒಂದು ಗೋಂಕುರ ಕಪ್ಪೆ ಹಾರಿತು. ಅತ್ತೆ ಮಾವನ ತೋಳನ್ನು ಹಿಡಿದದ್ದು ಬಿಡಲಿಲ್ಲ.

“ಏನೂ ಇಲ್ಲಲ್ಲ ಅಕ್ಕಾರೆ. ನೀವು ನೋಡಿದ್ದು ಹ್ಯಾಂಗಿತ್ತು?”

ಸಮಾಧಾನವಾಗಿ, ಒಂದೊಂದೇ ಮಾತು ಆರಿಸಿ, ದೀಪದ ಹುಳ, ದೊಡ್ಡ ಜಾತಿಯದು, ಹೀರೆ ಹೂವಿಗೆ ಬೇಕಾದದ್ದು ಎಂದೆಲ್ಲ ಹೇಳಿದೆ. ಮಹಾಂತೇಶ ಕೊಕ್ಕೆಗೆ ಗಲ್ಲ ಊರಿ ನಕ್ಕ. ಹೇಮಂತ್ ಅವನನ್ನು ನೋಡಿ ನಕ್ಕರು. ಮಾವ “ಇದಕ್ಕ ನನ್ನ ಎಬ್ಬಿಸಿದ್ರಾ” ಎಂದು ಒಳಗೆ ಹೋದರು. ಅತ್ತೆ ಮಾತ್ರ ನಗಲಿಲ್ಲ.

“ಮಹಾಂತೇಶ, ನಿಜ ಹೇಳಪ್ಪ. ಈ ಗಿಡದಾಗ ಅದು ಬರಾಂಗಿಲ್ಲೇನು?”

“ಬರಂಗಿಲ್ಲ ಬಿಡ್ರಮ್ಮ,” ಎಂದವನು ಚೀಲ ಮಡಿಸುತ್ತಾ, “ಕಪ್ಪಿ ಅದಾವ ಅಷ್ಟ. ಕಪ್ಪಿ ಇದ್ದ ಕಡಿ…” ಎಂದು ನನ್ನ ಮುಖ ನೋಡಿ ಸುಮ್ಮನಾದ.

ಅಷ್ಟು ಸಾಕಾಗಿತ್ತು. “ನಾಳಿ ಮುಂಜಾನೆ ಎಲ್ಲ ಕಿತ್ತಾಕವ್ವ,” ಎಂದರು ಅತ್ತೆ. ಸಿಟ್ಟಿನಲ್ಲಿ ಹೇಳಿದ್ದರೆ ವಾದಿಸಬಹುದಿತ್ತು. ಬೇಡಿಕೊಳ್ಳುವ ದನಿಯಲ್ಲಿ ಹೇಳಿದರು. ಅವರಿಗೆ ನಿಜಕ್ಕೂ ಭಯ. ಭಯ ಏನೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಪಾತಿಯ ಪಕ್ಕ ಗುದ್ದಲಿ ಒರಗಿಸಿಟ್ಟಿತ್ತು. ಅತ್ತೆ ಜಗಲಿಯಲ್ಲಿ ನಿಂತಿದ್ದರು. ಯಮುನಮ್ಮ ಗೇಟಿನ ಹತ್ತಿರ ಹಾಲಿನ ಪಾತ್ರೆ ಹಿಡಿದು, ಹಾಲು ತರಲು ಹೋಗದೆ ನಿಂತಿದ್ದರು.

“ಹಾರ್ತಿತ್ತಂತಲ್ಲೇ ಶಾಲಿನಿ? ಎಲ್ಲಿ ಇಳೀತು?”

ನಾನು ನೇರ ಅತ್ತೆಯ ಹತ್ತಿರ ಹೋದೆ. “ಅತ್ತೆ, ಇವತ್ತು ಸಂಜೆ ಒಂದು ಸಲ ನನ್ನ ಜೊತೆ ಕೂತು ನೋಡಿ. ನಾನು ಕಂಡದ್ದು ನಿಮಗೂ ಕಾಣದಿದ್ದರೆ ನಾಳೆ ನಾನೇ ಕೀಳ್ತೀನಿ. ನೀವು ಕೇಳೋದೂ ಬೇಡ.”

“ಕತ್ತಲಾಗ? ಅಲ್ಲಿ? ನಾನು?”

“ಕುರ್ಚಿ ಮೇಲೆ ಕಾಲು ಎತ್ತಿಕೊಂಡು ಕೂತ್ಕೊಳ್ಳಿ.”

ಅತ್ತೆ ಪಾತಿಯತ್ತ ನೋಡಿದರು. ಸುಗಂಧರಾಜದ ಗೊನೆಗಳಲ್ಲಿ ಮೊಗ್ಗುಗಳು ಸಾಲಾಗಿ ಬಿರಿಯಲು ನಿಂತಿದ್ದವು.

“ನಾಳಿ ಶುಕ್ರವಾರ,” ಎಂದರು ಕೊನೆಗೆ. “ದೇವಿಗೆ ಹೂವು ಆಗ್ತತಿ. ಇರ್ಲಿ. ನಾಳಿ ಹೂ ಕುಯ್ದ ಮ್ಯಾಲೆ ಕೀಳು.” ಹಾಗೆಂದು ಗುದ್ದಲಿಯನ್ನು ಅಲ್ಲೇ ಬಿಟ್ಟರು.

ಆ ದಿನವೆಲ್ಲ ನಾನು ಆಕಾಶ ನೋಡಿದೆ. ಮೋಡವಾದರೆ ಬರುತ್ತದೋ ಇಲ್ಲವೋ. ಗಾಳಿ ಎದ್ದರೆ ಬರುತ್ತದೋ ಇಲ್ಲವೋ. ನಿನ್ನೆಯ ಗದ್ದಲಕ್ಕೆ ಹೆದರಿ ಊರು ಬಿಟ್ಟಿದ್ದರೆ? ಮಧ್ಯಾಹ್ನ ಪಕ್ಕದ ಗದ್ದೆಯಲ್ಲಿ ಯಾರೋ ಔಷಧಿ ಹೊಡೆಯುವ ಯಂತ್ರದ ಸದ್ದು ಕೇಳಿ ಓಡಿಹೋಗಿ ನೋಡಿದರೆ ಹುಲ್ಲು ಕತ್ತರಿಸುವ ಯಂತ್ರ. ಹೇಮಂತ್ ಊಟಕ್ಕೆ ಬಂದವರು “ಬೀಗರು ಬರೋ ಮನೆ ಥರ ಮಾಡ್ತಿದೀಯಲ್ಲ,” ಎಂದರು.

ಸಂಜೆ ಇಬ್ಬರೂ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತೆವು. ಬೆಳಕಿಗೆ ಪತಂಗ ಬೆದರಬಾರದೆಂದು ಟಾರ್ಚಿನ ಮುಖಕ್ಕೆ ಕೆಂಪು ಜಿಲೇಟಿನ್ ಹಾಳೆ ಕಟ್ಟಿದ್ದೆ. ಅತ್ತೆ ಸೀರೆಯನ್ನು ಬಿಗಿಯಾಗಿ ಸುತ್ತಿಕೊಂಡು, ಎರಡೂ ಕಾಲು ಮೇಲಿಟ್ಟು, ತೊಡೆಯ ಮೇಲೆ ಮಾವನ ಕೋಲು ಇಟ್ಟುಕೊಂಡಿದ್ದರು. ಚಪ್ಪರದ ಮೇಲೆ ಹೀರೆಯ ಹೂವುಗಳು ಒಂದೊಂದಾಗಿ ಹಳದಿ ಬಿಚ್ಚಿದವು. ಕತ್ತಲಿಳಿದಂತೆ ಸುಗಂಧರಾಜದ ವಾಸನೆ ಎದ್ದಿತು. ಹಗಲಲ್ಲಿ ಮೂಗು ತಾಗಿಸಿದರೂ ಇಷ್ಟು ಸಿಗದು. ರಾತ್ರಿರಾಣಿ ಅದರ ಹಿಂದೆಯೇ ಬಂತು.

“ತಲಿ ತಿರಗ್ತತಿ ಈ ವಾಸನಿಗೆ,” ಎಂದರು ಅತ್ತೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ಉಸಿರೆಳೆದುಕೊಂಡರು. “ನಿಮ್ಮವ್ವ ಮನಿಯಾಗ ಇದನ್ನ ಬಾಗ್ಲಾಗ ಹಾಕ್ಯಾಳೇನು?”

“ಬಾವಿ ಹತ್ರ.”

“ಧೈರ್ಯಗಾರ್ತಿ.”

ಸೊಳ್ಳೆ ಬಂದವು. ಬೇರೇನೂ ಬರಲಿಲ್ಲ. ಒಂದು ಸಣ್ಣ ಬಿಳಿ ಪತಂಗ ಬಂತು. “ಇದೇನು ನಿನ್ನ ಅಂಗೈ ಅಗಲ?” ಎಂದರು. ಇನ್ನೂ ಹೊತ್ತಾಯಿತು. ಒಳಗಿನಿಂದ ಮಾವ “ಇಬ್ರೂ ಒಳಗ ಬರ್ತೀರೋ, ನಾನೇ ಅನ್ನಕ್ಕ ಇಡ್ಲೋ?” ಎಂದು ಕೂಗಿದರು. ಅತ್ತೆ ಏಳಲು ಒಂದು ಕಾಲು ಕೆಳಗಿಟ್ಟರು.

ಪರ್ರೆಂದಿತು.

ನಾನು ಅವರ ಮೊಣಕೈ ಹಿಡಿದೆ. ಟಾರ್ಚಿನ ಕೆಂಪು ಬೆಳಕಿನ ಅಂಚಿಗೆ ಅದು ಬಂದು ನಿಂತಿತು. ಒಂದು ಹೂವು, ಇನ್ನೊಂದು ಹೂವು. ಸೊಂಡಿಲು ಇಳಿಯಿತು, ಸುರುಳಿಯಾಗಿ ಒಳ ಸೇರಿತು, ಮತ್ತೆ ಇಳಿಯಿತು. ಗೊನೆ ಮುಗಿಸಿ ಮೇಲಕ್ಕೆದ್ದು ಹೀರೆ ಚಪ್ಪರಕ್ಕೆ ಹೋಯಿತು. ನಾನು ಬೆಳಕನ್ನು ಮೆಲ್ಲಗೆ ಅತ್ತ ತಿರುಗಿಸಿದೆ. ಗಂಡು ಹೂವಿನ ಮುಂದೆ ನಿಂತಿತು. ಅಲ್ಲಿಂದ ಬುಡದಲ್ಲಿ ಬಾಲದಂಥ ಪುಟ್ಟ ಮಿಡಿ ಹೊತ್ತ ಹೆಣ್ಣು ಹೂವಿಗೆ.

ಅತ್ತೆ ಕೋಲು ಕೆಳಗಿಟ್ಟು ಮುಂದಕ್ಕೆ ಬಗ್ಗಿದ್ದರು. ಕೆಳಗಿಟ್ಟ ಕಾಲು ಮತ್ತೆ ಮೇಲೆ ಬಂದಿರಲಿಲ್ಲ.

“ಶಾಲಿನಿ,” ಪಿಸುಗುಟ್ಟಿದರು, “ಅದರ ಮಾರಿಗೆ ಅರಿಶಿನ ಹತ್ತೈತಲ್ಲೇ.”

“ಪರಾಗ ಅತ್ತೆ. ಗಂಡು ಹೂವಿಂದು.”

“ಅದ್ಯಾವ್ದೋ ಇರ್ಲಿ. ಅರಿಶಿನದ ಮನಿಯಿಂದ ಬಂದಂಗೈತಿ.” ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಅವರ ಕುರ್ಚಿಯೂ ಕಿರುಗುಟ್ಟಿ ನಕ್ಕಿತು. “ಇಷ್ಟು ದಿನ ನೀನು ಮಾಡಿದ್ದ ಕೆಲಸ ಇದು ಮಾಡ್ತತಿ ಅಂದಂಗಾತು. ನೋಡು, ಎಷ್ಟ್ ಲಗೂ ಮಾಡ್ತತಿ. ನೀನು ಒಂದೊಂದಕ್ಕೂ ಜಾತಕ ಕೂಡಿಸೋರಂಗ ನಿಲ್ತಿದ್ದಿ.”

ಶುಕ್ರವಾರ ಬೆಳಿಗ್ಗೆ ಅತ್ತೆ ದೇವಿಗೆ ಹೂವು ಕುಯ್ದುಕೊಂಡರು, ಎಲ್ಲವನ್ನೂ ಅಲ್ಲ. ಗೊನೆಯ ತುದಿಯ ಮೊಗ್ಗುಗಳನ್ನು ಬಿಟ್ಟರು. “ಅದಕ್ಕೂ ಬೇಕಲ್ಲ,” ಎಂದರು. ಗುದ್ದಲಿ ಕೊಟ್ಟಿಗೆಗೆ ವಾಪಸ್ಸಾಯಿತು.

ಅಲ್ಲಿಂದ ಮುಂದೆ ನಮ್ಮ ಮನೆಯ ಮಾತು ಸ್ವಲ್ಪ ಬದಲಾಯಿತು. ಹುಳ ಎಂದು ಬರಿದೇ ಹೇಳುವ ಹಾಗಿಲ್ಲ ಎಂದು ಮಾವ ಕಟ್ಟು ಮಾಡಿದರು. ಬದನೆಯದಾದರೆ ‘ತಿನ್ನೋ ಹುಳ’, ಇದಾದರೆ ‘ಮದುವಿ ಹುಳ’. ಬರಿ ಹುಳ ಎಂದರೆ ಮಾತ್ರ ತಾವು ಮಂಚ ಹತ್ತುವುದಾಗಿ ಹೇಳಿದರು. ಮಿಡಿಗಳು ಉದುರುವುದು ಕಡಿಮೆಯಾಯಿತು. ಹೀರೆಕಾಯಿ ಬಜ್ಜಿ, ಪಲ್ಯ, ಸಿಪ್ಪೆ ಚಟ್ನಿ. ಹೇಮಂತ್ ಡಬ್ಬಿ ತೆರೆಯುವ ಮೊದಲೇ ಅಂಗಡಿಯ ಹುಡುಗರು ಹೀರೆ ಎಂದು ಹೇಳುತ್ತಿದ್ದರಂತೆ. ಮಿಕ್ಕದ್ದನ್ನು ಅತ್ತೆ ಬೀದಿಗೆಲ್ಲ ಹಂಚಿದರು, ಒಂದೊಂದು ಕಾಯಿಯ ಜೊತೆ ಅರಿಶಿನ ಬಳಿದುಕೊಂಡ ಹುಳದ ಕತೆಯನ್ನೂ. ಕತೆಯಲ್ಲಿ ಅದು ಈಗ ಎರಡು ಅಂಗೈ ಅಗಲವಾಗಿತ್ತು.

ಯಮುನಮ್ಮನೂ ಗಡ್ಡೆ ಕೇಳಿದರು. ಕೇಳಿ, ಅತ್ತೆಯತ್ತ ತಿರುಗಿ ಅನುಮಾನದಿಂದ, “ಖರೇ ಹೇಳ್ರೀ ವನಜಮ್ಮ, ಇದಕ್ಕ ಅದು ಬರಂಗಿಲ್ಲಲ್ಲ?” ಎಂದರು.

“ಯಾರು ಹೇಳಿದ್ದು ಬರ್ತತಿ ಅಂತ? ಓದಿದೋರು ಮನಿಯಾಗ ಇದ್ದಾರ, ಕೇಳ್ರಿ. ನಮ್ಮನಿಯಾಗ ಒಂದ್ ದಿನಾನೂ ಕಂಡಿಲ್ಲ, ಮುಂದೂ ಕಾಣಂಗಿಲ್ಲ.”

ಮುಂದೂ ಎನ್ನಬೇಡಿ ಅತ್ತೆ ಎಂದು ಹೇಳಬೇಕೆನ್ನಿಸಿತು. ಆದರೆ ಅವರು ಅಷ್ಟು ಸಂತೋಷದಲ್ಲಿದ್ದರು. ಕಾಲುವೆಯ ಪಕ್ಕದ ಮನೆ, ಕಪ್ಪೆ ಇರುವ ಪಾತಿ. ನಾನು ಸಂಜೆ ಪಾತಿಯ ಸುತ್ತಲ ಹುಲ್ಲು ಕಿತ್ತೆ.

ದೀಪಾವಳಿ ಇನ್ನೇನು ಬಂತು ಎನ್ನುವಾಗ ಒಂದು ಬೆಳಿಗ್ಗೆ, ಅಡುಗೆಮನೆಯಲ್ಲಿ ಹಾಲು ಕಾಯಿಸುತ್ತಿದ್ದೆ. ಬಿಸಿಲು ಇನ್ನೂ ಗೋಡೆ ಇಳಿದಿರಲಿಲ್ಲ. ಕಿಟಕಿಯಾಚೆ ಅತ್ತೆ ಹೂವಿನ ಬುಟ್ಟಿ ಹಿಡಿದು ಪಾತಿಯಲ್ಲಿ ಬಗ್ಗಿದ್ದರು. ಸಂಜೆಮಲ್ಲಿಗೆಯ ಬುಡ ಅಲುಗಿತು. ಗಾಳಿ ಇರಲಿಲ್ಲ.

ಕೇರೆ ಹಾವು. ಕಂದು ಮೈ, ಹಗ್ಗದಂತೆ ಒಂದೇ ಸಮನೆ, ಯಾವ ಅವಸರವೂ ಇಲ್ಲದೆ ಹೊರಬಂತು. ವಿಷವಿಲ್ಲದ್ದು ಎಂದು ನನಗೆ ಗೊತ್ತು. ಗೊತ್ತಿದ್ದರೂ ಕೈಯಲ್ಲಿದ್ದ ಸೌಟು ಒಲೆಯ ಕಟ್ಟೆಗೆ ಬಡಿಯಿತು. ಕೂಗಲು ಬಾಯಿ ತೆರೆದೆ. ಏನೆಂದು ಕೂಗುವುದು? ಹಾವು ಎಂದೇ? ಹುಳ ಎಂದೇ?

ಅತ್ತೆ ನೋಡಿಬಿಟ್ಟಿದ್ದರು. ಬಗ್ಗಿದಲ್ಲೇ ಕಲ್ಲಾದರು. ಹಾವು ಅವರ ಮುಂದೆಯೇ ಹಾದು, ಚಪ್ಪರದ ಕಂಬ ಸುತ್ತಿ, ಕಾಲುವೆಯ ಕಡೆ ಮುಖ ಮಾಡಿತು. ಅವರು ಕೂಗಲಿಲ್ಲ. ಮೊದಲು ಎದುರು ಮನೆಯತ್ತ ನೋಡಿದರು. ಯಮುನಮ್ಮನ ಬಾಗಿಲು ಮುಚ್ಚಿತ್ತು. ಆಮೇಲೆ ರಸ್ತೆಯತ್ತ. ಆಮೇಲೆ ಅಡುಗೆಮನೆಯ ಕಿಟಕಿಯತ್ತ ತಿರುಗಿದರು. ಅಷ್ಟರಲ್ಲಿ ನಾನು ಫ್ರಿಜ್ಜಿನ ಹಿಂದೆ ಸರಿದಿದ್ದೆ. ಯಾಕೆ ಸರಿದೆ ಎಂದು ನನಗೆ ಆಮೇಲೆ ಹೊಳೆಯಿತು.

“ಹೋಗಪ್ಪ,” ಎಂದದ್ದು ಕೇಳಿಸಿತು, ತೀರಾ ಸಣ್ಣ ದನಿಯಲ್ಲಿ. “ಲಗೂ ಹೋಗು. ಈಕಿ ನೋಡಿದ್ರ ಎಲ್ಲಾ ಕಿತ್ತಾಕ್ತಾಳ, ಮಾತು ಕೊಟ್ಟಾಳ.”

ಹಾಲು ಉಕ್ಕಿ ಒಲೆಯ ಮೇಲೆ ಬಿತ್ತು. ಒರೆಸುತ್ತಿರುವಾಗ ಅತ್ತೆ ಒಳಗೆ ಬಂದರು. ಹಣೆಯ ಮೇಲೆ ಬೆವರು. ಬುಟ್ಟಿಯಲ್ಲಿ ಹೂವಿಗಿಂತ ಎಲೆಯೇ ಹೆಚ್ಚಿತ್ತು.

“ಯಾಕತ್ತೆ, ಬೆವರಿದೀರಿ?”

“ಬಿಸ್ಲು,” ಎಂದರು. ನಾನು ಕಿಟಕಿಯತ್ತ ನೋಡದೆ ಇರಲು ಕಷ್ಟಪಟ್ಟೆ. ಅವರು ಬುಟ್ಟಿಯನ್ನು ಕಟ್ಟೆಯ ಮೇಲಿಟ್ಟು, ನೀರು ಕುಡಿದು, ನಾನು ಕೇಳದೆಯೇ, “ಅಲ್ಲೇನಿಲ್ಲ. ಕಪ್ಪಿ ಒಂದು ಇತ್ತು ನೋಡು,” ಎಂದರು.

“ಕಪ್ಪೆ ತಾನೆ,” ಎಂದೆ.

ಅದೇ ಮಧ್ಯಾಹ್ನ ಪೇಟೆಗೆ ಹೋಗಿ ಅತ್ತೆಗೆ ಮೊಣಕಾಲವರೆಗೆ ಬರುವ ರಬ್ಬರ್ ಬೂಟು ತಂದೆ. ಸಂಜೆಮಲ್ಲಿಗೆಯ ಕೆಳಗಿನ ಕೊಂಬೆಗಳನ್ನು ಸವರಿ, ನೆಲ ಕಾಣುವ ಹಾಗೆ ತರಗೆಲೆ ಗುಡಿಸಿದೆ. ಬೂಟು ಯಾಕೆಂದು ಅತ್ತೆ ಕೇಳಲಿಲ್ಲ. ಕಾಲಿಗೆ ಹಾಕಿಕೊಂಡು ಜಗಲಿಯ ಉದ್ದಕ್ಕೂ ನಡೆದು ನೋಡಿದರು. ಮಾವ “ಮಿಲಿಟ್ರಿ ಸೇರ್ತಾಳ ಇವ್ಳು,” ಎಂದರು.

ರಾತ್ರಿ ಊಟಕ್ಕೆ ಕೂತಾಗ ಹೇಮಂತ್, “ಇವತ್ತೇನು, ಅತ್ತೆ ಸೊಸೆ ಇಬ್ರೂ ಇಷ್ಟು ಗಪ್ಪಾಗಿದೀರಿ? ಏನಾಯ್ತು?” ಎಂದು ಕೇಳಿದರು. ಅತ್ತೆ ತಟ್ಟೆಯಿಂದ ತಲೆ ಎತ್ತದೆ ಹೀರೆ ಪಲ್ಯವನ್ನು ಅನ್ನಕ್ಕೆ ಕಲಸುತ್ತಿದ್ದರು.

ಮಾತು ಕೊಟ್ಟವಳು ನಾನು, ನಿಜ. ಆದರೆ ಮಾತು ತೆಗೆದುಕೊಂಡವರು ಕಪ್ಪೆ ಎಂದು ಹೇಳಿದ್ದರು. ನಾನು ಕಂಡೆನೆಂದು ಈಗ ಹೇಳಿದರೆ ಗಿಡ ಹೋಗುತ್ತದೆ. ಅದಕ್ಕಿಂತ ಮೊದಲು ಅತ್ತೆಯ ಮರ್ಯಾದೆ ಹೋಗುತ್ತದೆ. ಹೇಮಂತ್ ಅವರಿಗೆ ಹೇಳುವುದಿಲ್ಲ, ತವರಿಗೆ ಫೋನ್ ಮಾಡಿದಾಗ ಅಮ್ಮನಿಗೂ ಹೇಳುವುದಿಲ್ಲ, ಅತ್ತೆಗಂತೂ ನಾನು ಕಿಟಕಿಯಲ್ಲಿದ್ದೆನೆಂದು ಎಂದೂ ಹೇಳುವುದಿಲ್ಲ ಎಂದು ಅಲ್ಲೇ ನಿರ್ಧರಿಸಿದೆ.

“ಏನೂ ಇಲ್ಲ,” ಎಂದು ಅತ್ತೆಯ ತಟ್ಟೆಗೆ ಇನ್ನೊಂದು ಸೌಟು ಪಲ್ಯ ಬಡಿಸಿದೆ.